ಬಿಸಿಲನ್ನುಂಡು ನಡೆಯುವ ಗಡಿಯಾರ

ಕಳೆದ ತಿಂಗಳು ಹಳೆಯ ಪಂಚಾಂಗಗಳನ್ನು ಹುಳುಬೀಳದಂತೆ ಕಾಪಾಡಿಡುವ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆನಷ್ಟೆ. ಈ ತಿಂಗಳು ಪಂಚಾಂಗಕ್ಕೆ ದೂರದ ನಂಟನಾದ ಇನ್ನೊಂದು ಪದಾರ್ಥವನ್ನು ಕುರಿತು ಬರೆಯಬೇಕೆಂದಿದ್ದೇನೆ. ಈ ಅಕ್ಷರಗಳನ್ನು ಬರೆಯುತ್ತಿರುವಾಗಲೂ ಅದು ನನ್ನ ಎಡದ ಮಣಿಕಟ್ಟಿನ ಮೇಲೆಯೇ ಕುಳಿತಿದೆ.

ಹೋದ ವರ್ಷ ನನಗೆ ಅರುವತ್ತು ತುಂಬಿ ಶಾಂತಿಕರ್ಮಗಳು ನಡೆದುವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಅಂದು ಸಣ್ಣ ಪೆಟ್ಟಿಗೆಯೊಂದನ್ನು ನನ್ನ ಕೈಯಲ್ಲಿಟ್ಟು ನಮಸ್ಕರಿಸಿದನು. ತೆರೆದು ನೋಡಲಾಗಿ, ಕರಿಯ ಮುಖದ, ದಪ್ಪನಾದ, ಸುತ್ತಲೂ ಗುಂಡಿಗಳುಳ್ಳ ಕೈಗಡಿಯಾರ. ಚಾರಣಿಗರು ಕಟ್ಟಿಕೊಳ್ಳತಕ್ಕದ್ದು. ನನಗೆ ಮೊದಲು ಅಷ್ಟೇನೂ ಸಂತೋಷವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನನ್ನ ತೀರ್ಥರೂಪರು ಕಟ್ಟಿಕೊಂಡು ನನಗೆ ಬಿಟ್ಟುಹೋದ ಎಚ್.ಎಂ.ಟಿ. ಗಡಿಯಾರವು ದಿನಕ್ಕೊಮ್ಮೆ ಕೀಲಿಕೊಟ್ಟರೆ ಇಂದಿಗೂ ನಡೆಯುತ್ತದೆ. ಅದಿರುವಾಗ ಇದೇತಕ್ಕೆಂದು ಕೇಳಿದೆನು. ಮಗನು ನಕ್ಕು, “ಅಪ್ಪಯ್ಯ, ಇದಕ್ಕೆ ಕೀಲಿಯೂ ಬೇಡ, ಬ್ಯಾಟರಿ ಬದಲಾಯಿಸುವುದೂ ಬೇಡ, ಬಿಸಿಲು ಸಾಕು. ದಿಕ್ಕನ್ನು ಹೇಳುತ್ತದೆ, ಬೆಟ್ಟದ ಎತ್ತರವನ್ನೂ ಹೇಳುತ್ತದೆ” ಎಂದನು. ಬೆಲೆಯನ್ನು ಮಾತ್ರ ಹೇಳಲಿಲ್ಲ, ನಾನೂ ಒತ್ತಾಯಪಡಿಸಲಿಲ್ಲ.

ದಿಕ್ಕು, ಎತ್ತರ, ಕಾಲ ಎಂಬ ಮೂರು ಮಾತುಗಳು ಕಿವಿಗೆ ಬಿದ್ದೊಡನೆಯೇ ನನಗೆ ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರವು ನೆನಪಾಯಿತು. ದಿಕ್ಕು ಯಾವುದು, ದೇಶ ಯಾವುದು, ಕಾಲ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳುವ ಕ್ರಮವನ್ನು ಹೇಳುವುದರಿಂದಲೇ ಆ ಅಧ್ಯಾಯಕ್ಕೆ ಆ ಹೆಸರು. ಅಲ್ಲಿ ಉಪಕರಣವೆಂದರೆ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿದ ಶಂಕುವೊಂದೇ. ಶಂಕುವಿನ ಸುತ್ತ ವೃತ್ತವನ್ನೆಳೆದು, ಪೂರ್ವಾಹ್ಣದಲ್ಲಿ ನೆರಳಿನ ತುದಿಯು ವೃತ್ತದೊಳಕ್ಕೆ ಬರುವ ಬಿಂದುವನ್ನೂ ಅಪರಾಹ್ಣದಲ್ಲಿ ಹೊರಕ್ಕೆ ಹೋಗುವ ಬಿಂದುವನ್ನೂ ಗುರುತಿಸಿ, ಎರಡನ್ನೂ ಕೂಡಿಸಿದರೆ ಪೂರ್ವಪಶ್ಚಿಮರೇಖೆಯು ದೊರೆಯುವುದು. ಪಾಠಶಾಲೆಯ ಅಂಗಳದಲ್ಲಿ ಮಕ್ಕಳ ಕೈಯಿಂದ ಇದನ್ನು ಎಷ್ಟೋ ಸಲ ಮಾಡಿಸಿದ್ದೇನೆ. ಬಂದ ಗಡಿಯಾರವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕೆ? ಮರುದಿನವೇ ಅಂಗಳದಲ್ಲಿ ಶಂಕುವನ್ನು ನೆಟ್ಟೆನು. ಸಾಯಂಕಾಲ ರೇಖೆಯನ್ನೆಳೆದು ಗಡಿಯಾರದ ದಿಕ್ಸೂಚಿಯೊಡನೆ ಹೋಲಿಸಲು, ಒಂದೆರಡು ಅಂಶಗಳ ಅಂತರ ಮಾತ್ರ ಕಂಡಿತು. ಆ ಅಂತರವೂ ಯಂತ್ರದ ದೋಷವೆನ್ನುವಂತಿಲ್ಲ. ಅಯಸ್ಕಾಂತವು ತೋರಿಸುವ ಉತ್ತರವು ಧ್ರುವದ ನಿಜವಾದ ಉತ್ತರವಲ್ಲವೆಂಬುದನ್ನು ಚೀನದ ಶೆನ್ ಕುವೊ ಎಂಬ ಪಂಡಿತನು ಹನ್ನೊಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ನಮ್ಮ ಸೀಮೆಯಲ್ಲಿ ಈ ವ್ಯತ್ಯಾಸವು ಬಹಳ ಸ್ವಲ್ಪವಾಗಿರುವುದು ನಮ್ಮ ಪುಣ್ಯ.

ಆದರೆ ಅದೇ ದಿಕ್ಸೂಚಿಯನ್ನು ಮನೆಯೊಳಗೆ ಕಿಟಕಿಯ ಕಬ್ಬಿಣದ ಸರಳುಗಳ ಪಕ್ಕದಲ್ಲಿ ನಿಂತು ನೋಡಿದಾಗ ಉತ್ತರದಿಕ್ಕು ಅಡುಗೆಮನೆಯ ಕಡೆಗೆ ತಿರುಗಿಬಿಟ್ಟಿತು. ನಮ್ಮ ಮನೆಯವರು, “ನಿಮ್ಮ ಗಡಿಯಾರಕ್ಕೂ ಹಸಿವಾಗಿರಬೇಕು” ಎಂದರು. ಕಬ್ಬಿಣ, ಮೋಟಾರು, ಮೊಬೈಲು ದೂರವಾಣಿ ಇವುಗಳ ಸಮೀಪದಲ್ಲಿ ಈ ದಿಕ್ಸೂಚಿಯ ಮಾತನ್ನು ನಂಬಕೂಡದು. ಬಯಲಿಗೆ ಬಂದು, ಕೈಪುಸ್ತಕದಲ್ಲಿ ಹೇಳಿರುವಂತೆ ತಿರುಗಿಸಿ ಸರಿಪಡಿಸಿಕೊಂಡು, ಮುಖವನ್ನು ನೆಲಕ್ಕೆ ಸಮನಾಗಿ ಹಿಡಿದು ನೋಡಬೇಕು. ಗಂಟೆಯ ಮುಳ್ಳನ್ನು ಸೂರ್ಯನ ಕಡೆಗೆ ಹಿಡಿದು, ಅದಕ್ಕೂ ಹನ್ನೆರಡರ ಅಂಕೆಗೂ ನಡುವಣ ದಿಕ್ಕನ್ನು ದಕ್ಷಿಣವೆಂದು ತಿಳಿಯಬೇಕೆಂಬ ಉಪಾಯವೊಂದು ಇಂಗ್ಲಿಷ್ ಪುಸ್ತಕಗಳಲ್ಲಿ ಬರುವುದುಂಟು. ಅದು ಶೀತದೇಶದವರಿಗೆ ಸಲ್ಲುವ ಮಾತು. ಮಲೆನಾಡಿನಲ್ಲಿ ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ಮಧ್ಯದವರೆಗೆ ನಡುಹಗಲಿನ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆ ಉಪಾಯವನ್ನು ನಂಬಿ ಇಲ್ಲಿ ಹೊರಟವನು ಊರನ್ನು ಬಿಟ್ಟು ಕಾಡನ್ನು ಸೇರುವನು.

ಇನ್ನು ಇದರ ಆಹಾರದ ವಿಷಯ. ಗಡಿಯಾರದ ಮುಖದಡಿಯಲ್ಲಿ ಸಿಲಿಕಾನ್ ಎಂಬ ಧಾತುವಿನ ತೆಳುಪದರವಿದೆ. ಬೆಳಕು ಅದರ ಮೇಲೆ ಬಿದ್ದಾಗ ಹುಟ್ಟುವ ವಿದ್ಯುತ್ತು ಒಳಗಿನ ಪುಟ್ಟ ಸಂಚಯಕೋಶದಲ್ಲಿ ಕೂಡಿಕೊಳ್ಳುತ್ತದೆ. ಸಿಲಿಕಾನಿನ ಇಂಥ ಕೋಶವನ್ನು ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಮಾಡಿ ತೋರಿಸಿದರು. ಜಪಾನಿನ ಸಿಟಿಜನ್ ಸಂಸ್ಥೆಯು ೧೯೭೬ರಲ್ಲಿ ಬಿಸಿಲಿನಿಂದ ನಡೆಯುವ ಮುಳ್ಳಿನ ಗಡಿಯಾರವನ್ನು ಹೊರತಂದಿತು. ೧೯೬೧ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಗೆ ವಿದ್ಯೆಯನ್ನು ಕಲಿಸಿಕೊಟ್ಟದ್ದೂ ಅದೇ ಸಂಸ್ಥೆಯೇ. ಹೀಗೆ ನಮ್ಮ ತಂದೆಯವರ ಗಡಿಯಾರಕ್ಕೂ ನನ್ನ ಮಗನು ಕೊಟ್ಟ ಗಡಿಯಾರಕ್ಕೂ ವಿದ್ಯಾವಂಶದ ಸಂಬಂಧವೊಂದು ಉಂಟೆಂದು ತಿಳಿದಮೇಲೆ ನನ್ನ ಮನಸ್ಸು ಸ್ವಲ್ಪ ಮೆತ್ತಗಾಯಿತು. ಕೋಣೆಯ ದೀಪದ ಬೆಳಕನ್ನೂ ಈ ಗಡಿಯಾರವು ಉಣ್ಣುತ್ತದೆ. ಆದರೆ ಅದು ಏಕಾದಶಿಯ ಫಲಾಹಾರ, ಬಿಸಿಲು ದ್ವಾದಶಿಯ ಪಾರಣೆ. ನಾನು ತುಂಬುತೋಳಿನ ಅಂಗಿಯನ್ನು ತೊಡುವವನಾದ್ದರಿಂದ ಮೊದಲ ತಿಂಗಳು ಗಡಿಯಾರವು ತೋಳಿನ ಕತ್ತಲಲ್ಲಿ ಉಪವಾಸವಿತ್ತು. ಒಂದು ಬೆಳಗ್ಗೆ ಮುಖವೆಲ್ಲ ಖಾಲಿಯಾಗಿರುವುದನ್ನು ಕಂಡು, ಕೆಟ್ಟಿತೆಂದೇ ಬಗೆದು ಮಗನಿಗೆ ದೂರು ಹೇಳಿದೆನು. ಕಿಟಕಿಯ ಬಳಿ ಇಟ್ಟು ನೋಡಿರೆಂದನು. ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದು ಕುಳಿತಿತ್ತು. ಬಿಸಿಲು ಬೇಕೆಂದು ನಿಲ್ಲಿಸಿದ ಕಾರಿನ ಗಾಜಿನೊಳಗೆ ಬೇಸಗೆಯಲ್ಲಿ ಬಿಡುವುದೂ ತಪ್ಪು. ಬೆಳಕು ಬೇಕೇ ಹೊರತು ಕಾವಲಿಯ ಕಾವು ಬೇಡ.

ಎತ್ತರವನ್ನು ಇದು ಹೇಗೆ ಅಳೆಯುವುದೆಂಬುದೇ ಎಲ್ಲಕ್ಕಿಂತ ರಸವತ್ತಾದ ಸಂಗತಿ. ಇದು ಎತ್ತರವನ್ನು ಕಾಣುವುದೇ ಇಲ್ಲ. ವಾಯುವಿನ ಭಾರವನ್ನು ಮಾತ್ರ ಕಾಣುತ್ತದೆ. ಮೇಲೇರಿದಂತೆಲ್ಲ ತಲೆಯ ಮೇಲಣ ಗಾಳಿಯು ಕಡಮೆಯಾಗುವುದರಿಂದ ಒತ್ತಡವೂ ಕಡಮೆಯಾಗುವುದು. ನಮ್ಮ ಬೆಟ್ಟಗಳ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು ೧೦ ಮೀಟರು ಏರಿದಂತೆ. ಮೈದಾನದವರಿಗಿಂತ ಬೆಟ್ಟದ ಮೇಲಿನವರಿಗೆ ಬೇಳೆ ಬೇಯುವುದು ತಡವೆಂಬುದು ಗೃಹಿಣಿಯರಿಗೆ ತಿಳಿದದ್ದೇ. ಅಲ್ಲಿ ನೀರು ಕಡಮೆ ಕಾವಿನಲ್ಲಿಯೇ ಕುದಿಯುವುದಕ್ಕೂ ಕಾರಣವು ಈ ಒತ್ತಡವೇ. ಫ್ರಾನ್ಸ್ ದೇಶದ ಪಾಸ್ಕಲನು ತನ್ನ ಅಕ್ಕನ ಗಂಡನಾದ ಪೆರಿಯೆ ಎಂಬವನಿಂದ ೧೬೪೮ರಲ್ಲಿ ಪ್ಯುಯಿ ದ ಡೋಮ್ ಎಂಬ ಬೆಟ್ಟದ ಮೇಲೆ ಇದನ್ನು ಪರೀಕ್ಷೆಮಾಡಿಸಿದನು. ಬುಡದಲ್ಲಿದ್ದುದಕ್ಕಿಂತ ತುದಿಯಲ್ಲಿ ಪಾದರಸದ ಕಂಬವು ಸುಮಾರು ಮೂರು ಅಂಗುಲ ಇಳಿದಿತ್ತು. ಇದರಲ್ಲಿ ನಾನು ಮೆಚ್ಚುವ ಅಂಶವು ಬೇರೊಂದಿದೆ. ಪೆರಿಯೆಯು ಬೆಟ್ಟವನ್ನು ಹತ್ತುವ ಮೊದಲು, ಕೆಳಗಿನ ಊರಿನ ಮಠದ ತೋಟದಲ್ಲಿ ಅಂಥದೇ ಇನ್ನೊಂದು ಕೊಳವೆಯನ್ನು ನಿಲ್ಲಿಸಿ, ಇಡೀ ದಿನ ಅದನ್ನು ನೋಡುತ್ತಿರುವಂತೆ ಸಂನ್ಯಾಸಿಯೊಬ್ಬನನ್ನು ಕೂರಿಸಿಹೋದನು. ಕೆಳಗಿನ ಪಾದರಸವು ತಾನಾಗಿಯೇ ಇಳಿದಿದ್ದರೆ ಮೇಲಿನ ಪರೀಕ್ಷೆಗೆ ಬೆಲೆಯೆಲ್ಲಿ?

ಆ ಸಂನ್ಯಾಸಿಯ ಬೆಲೆ ನನಗೆ ತಿಳಿದದ್ದು ಮನೆಯ ಮೇಜಿನ ಮೇಲೆ. ನಮ್ಮೂರ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎತ್ತರವನ್ನು ಬರೆದಿರುವುದಷ್ಟೆ. ಅಲ್ಲಿ ನಿಂತು ಗಡಿಯಾರವನ್ನು ಅದಕ್ಕೆ ಸರಿಹೊಂದಿಸಿಕೊಂಡು ಬಂದಿದ್ದೆನು. ಬೆಳಗ್ಗೆ ಹತ್ತು ಗಂಟೆಗೆ ನೋಡಿ ಮೇಜಿನ ಮೇಲಿಟ್ಟರೆ, ಸಾಯಂಕಾಲ ನಾಲ್ಕಕ್ಕೆ ನಮ್ಮ ಮನೆಯು ಇಪ್ಪತ್ತೈದು ಮೂವತ್ತು ಮೀಟರು ಮೇಲಕ್ಕೆ ಹೋಗಿತ್ತು! ರಾತ್ರಿ ಹತ್ತಕ್ಕೆ ಮತ್ತೆ ಕೆಳಗಿಳಿದಿತ್ತು. ಉಷ್ಣವಲಯದಲ್ಲಿ ವಾಯುಭಾರವು ಸಮುದ್ರದ ಉಬ್ಬರವಿಳಿತದಂತೆ ದಿನಕ್ಕೆರಡಾವರ್ತಿ ಏರಿಳಿಯುವುದೇ ಇದಕ್ಕೆ ಕಾರಣ. ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಾಯಂಕಾಲ ನಾಲ್ಕರ ಸುಮಾರಿಗೆ ಕಡಮೆ. ದಕ್ಷಿಣ ಅಮೆರಿಕದಲ್ಲಿ ಸಂಚರಿಸಿದ ಹುಂಬೋಲ್ಟನು ಈ ಕ್ರಮದ ನಿಯತತೆಯನ್ನು ಕಂಡು ಬೆರಗಾಗಿದ್ದನು. ಆದುದರಿಂದ ಎತ್ತರ ಗೊತ್ತಿರುವ ಸ್ಥಳ ಸಿಕ್ಕಿದಾಗಲೆಲ್ಲ ಗಡಿಯಾರವನ್ನು ತಿದ್ದಿಕೊಳ್ಳಬೇಕು. ಇದನ್ನು ಮಾಡದೆ ಅಂಕೆಯನ್ನು ವೇದವಾಕ್ಯವೆಂದು ನಂಬುವವರೂ, ಅಂಕೆ ತಪ್ಪಿತೆಂದು ಗಡಿಯಾರವನ್ನು ಮೂಲೆಗೆಸೆಯುವವರೂ ಒಂದೇ ತರಗತಿಯವರು. ಉಷ್ಣಮಾನದ ಅಂಕೆಯೂ ಹಾಗೆಯೇ. ಕೈಯಿಂದ ಬಿಚ್ಚಿ ಅರ್ಧ ಗಂಟೆ ಇಡದಿದ್ದರೆ ಅದು ಹವೆಯ ಕಾವನ್ನಲ್ಲ, ನಮ್ಮ ಮೈಯ ಕಾವನ್ನು ಹೇಳುತ್ತಿರುತ್ತದೆ.

ಇಷ್ಟೂ ನನಗೆ ಅಕ್ಟೋಬರಿನವರೆಗೆ ವಿನೋದವಾಗಿಯೇ ಇತ್ತು. ದಸರೆಯ ರಜೆಯಲ್ಲಿ ಚಿಕ್ಕಮಗಳೂರಿನ ಮೇಲಣ ಬಂಧುಗಳ ಕಾಫಿತೋಟಕ್ಕೆ ಹೋಗಿದ್ದೆವು. ಆ ಬೆಟ್ಟಗಳ ಸಾಲು ಅರ್ಧಚಂದ್ರಾಕಾರವಾಗಿರುವುದರಿಂದ ಚಂದ್ರದ್ರೋಣವೆಂದು ಹಿಂದಿನಿಂದ ಹೆಸರಾಗಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಅಲ್ಲಿಯೇ. ನನ್ನ ತಂಗಿಯ ಒಬ್ಬನೇ ಮಗ, ಹದಿನಾಲ್ಕು ವರ್ಷದವನು, ನನ್ನೊಡನೆ ಬಂದಿದ್ದನು. ತೋಟದ ಹಿಂದಣ ಹುಲ್ಲುಬೆಟ್ಟವನ್ನು ಹತ್ತಬೇಕೆಂದು ಅವನ ಹಟ. ತೋಟದಿಂದ ಪಶ್ಚಿಮಕ್ಕೆ ಕಾಡಿನ ನಡುವೆ ಹತ್ತಿ, ಬೆನ್ನೇಣಿನ ಮೇಲೊಂದು ಗಂಡಿಯನ್ನು ಸೇರಿದೆವು. ಅಲ್ಲಿ ದೊಡ್ಡ ಬಂಡೆಯೊಂದಿತ್ತು. ಗಡಿಯಾರವು ೧೫೪೦ ಮೀಟರು ತೋರಿಸಿತು, ಹೊತ್ತು ಹನ್ನೊಂದೂವರೆ. ಹಳೆಯ ಅಭ್ಯಾಸದಂತೆ ಜೇಬಿನ ಚೀಟಿಯಲ್ಲಿ ಬರೆದುಕೊಂಡೆನು. ಅಲ್ಲಿಂದ ಏಣಿನ ಮೇಲೆಯೇ ಉತ್ತರಕ್ಕೆ ನಡೆದು ೧೬೯೦ರ ಸುಮಾರಿನ ದಿಣ್ಣೆಯೊಂದನ್ನು ಸೇರಿ ಬುತ್ತಿಯನ್ನು ಬಿಚ್ಚಿದೆವು.

ಮೂರು ಗಂಟೆಗೆ ಮಂಜು ಬಂದಿತು. ಬಂದಿತೆನ್ನುವುದಕ್ಕಿಂತ, ಬೆಟ್ಟವೇ ಇಲ್ಲವಾಯಿತೆನ್ನುವುದು ಮೇಲು. ನಾಲ್ಕು ಮಾರು ದೂರದ ಕಲ್ಲು ಕಾಣದು. ಹುಡುಗನ ಮೊಬೈಲು ಬೆಳಗ್ಗಿನಿಂದ ಚಿತ್ರಗಳನ್ನು ತೆಗೆದು ತೆಗೆದು ಪ್ರಾಣಬಿಟ್ಟಿತ್ತು. ನನ್ನದನ್ನು ನಾನು ತೋಟದ ಮನೆಯಲ್ಲಿಯೇ ಮರೆತಿದ್ದೆನು. ದನಗಳ ಜಾಡನ್ನು ಹಿಡಿದು ಇಳಿಯತೊಡಗಿದೆವು. ಹುಡುಗನು ಮುಂದೆ, ನಾನು ಹಿಂದೆ. ಅರ್ಧ ಗಂಟೆ ಇಳಿದಮೇಲೆ ಕೆಳಗಿನಿಂದ ನೀರಿನ ಸದ್ದು ಕೇಳಿಸಿತು. “ಮಾವ, ತೋಟದ ಹಳ್ಳ! ಬಂದೇಬಿಟ್ಟೆವು” ಎಂದು ಅವನು ಓಡುವುದರಲ್ಲಿದ್ದನು. ನನಗೂ ಹಾಗೆಯೇ ತೋರಿತು. ಆದರೂ ಅಂಗಿಯ ತೋಳನ್ನು ಸರಿಸಿ ನೋಡಿದೆನು. ೧೪೮೦.

ದಿಣ್ಣೆಯಿಂದ ಗಂಡಿಯವರೆಗೆ ಏಣಿನ ದಾರಿಯು ಎಲ್ಲಿಯೂ ೧೫೪೦ಕ್ಕಿಂತ ಕೆಳಗೆ ಇಳಿಯುವುದಿಲ್ಲ; ಗಂಡಿಯ ದೊಡ್ಡ ಬಂಡೆಯನ್ನೋ ನಾವು ದಾಟಿಯೇ ಇರಲಿಲ್ಲ. ಹಾಗಾದರೆ ನಾವು ಏಣಿನ ಮೇಲಿಲ್ಲ. ಸಾಯಂಕಾಲ ಗಡಿಯಾರವು ನಿಜಕ್ಕಿಂತ ಹೆಚ್ಚು ಹೇಳುತ್ತದೆಯೇ ವಿನಾ ಕಡಮೆ ಹೇಳುವುದಿಲ್ಲವೆಂಬುದನ್ನು ಮೇಜಿನ ಮೇಲೆ ಕಲಿತಿದ್ದೆನು. ಎಂದರೆ ನಾವಿರುವುದು ೧೪೮೦ಕ್ಕಿಂತಲೂ ಕೆಳಗೇ ಇರಬೇಕು. ದಿಕ್ಸೂಚಿಯ ಗುಂಡಿಯನ್ನೊತ್ತಿದೆನು. ನಮ್ಮ ಮುಖವು ಪಶ್ಚಿಮಕ್ಕಿತ್ತು. ತೋಟವಿರುವುದು ಪೂರ್ವಕ್ಕೆ. ಕಿವಿಗೆ ಕೇಳುವ ನೀರು ಪ್ರತ್ಯಕ್ಷವಾದರೂ ಅದು ನಮ್ಮ ಹಳ್ಳವೆಂಬುದು ಅನುಮಾನ ಮಾತ್ರ. ಹೇತುವೇ ದುಷ್ಟವಾದ ಅನುಮಾನ. ಇದನ್ನೆಲ್ಲ ಆಗ ಇಷ್ಟು ಕ್ರಮವಾಗಿ ಆಲೋಚಿಸಿದೆನೆಂದು ಹೇಳಿಕೊಂಡರೆ ಸುಳ್ಳಾಗುವುದು. ಕಾಲು ನಡುಗುತ್ತಿತ್ತು. ಹುಡುಗನ ಕೈಯನ್ನು ಹಿಡಿದು, “ಮೇಲಕ್ಕೆ” ಎಂದೆನು.

ಅವನು ಅತ್ತನು, ದಣಿದಿದ್ದನು, ಕತ್ತಲಾಗುವುದೆಂಬ ಹೆದರಿಕೆ ಬೇರೆ. ಇಳಿದ ಬೆಟ್ಟವನ್ನು ಮತ್ತೆ ಹತ್ತೆಂದರೆ ದೊಡ್ಡವರಿಗೂ ಕಷ್ಟವೇ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಅಂಕೆಯನ್ನು ಅವನ ಕೈಯಿಂದಲೇ ಓದಿಸಿದೆನು. ಸಾವಿರದೈನೂರು, ಸಾವಿರದೈನೂರ ಮೂವತ್ತು ಎಂದು ಓದುತ್ತ ಅಳುವನ್ನು ಮರೆತನು. ೧೬೨೦ರ ಸುಮಾರಿಗೆ ಎರಡು ಪಕ್ಕಕ್ಕೂ ನೆಲವು ಇಳಿಯುತ್ತಿರುವುದು ಕಾಲಿಗೆ ತಿಳಿಯಿತು, ಏಣು ಸಿಕ್ಕಿತು. ಅಲ್ಲಿಂದ ದಿಕ್ಸೂಚಿಯನ್ನು ನೋಡುತ್ತ ದಕ್ಷಿಣಕ್ಕೆ ನಡೆದೆವು. ಐದು ಗಂಟೆಯ ಮೇಲೆ ಐದು ನಿಮಿಷಕ್ಕೆ ದೊಡ್ಡ ಬಂಡೆಯು ಮಂಜಿನೊಳಗಿಂದ ಎದ್ದುಬಂದಿತು. ಗಡಿಯಾರದಲ್ಲಿ ೧೫೬೨. ಬೆಳಗ್ಗಿನ ಚೀಟಿಗಿಂತ ೨೨ ಮೀಟರು ಹೆಚ್ಚು. ಮೇಜಿನ ಮೇಲಿನ ಲೆಕ್ಕದಂತೆಯೇ.

ಮಾರನೆಯ ದಿನ ಮಂಜು ಹರಿದಮೇಲೆ ತೋಟದ ಯಜಮಾನರು ನನ್ನನ್ನು ಏಣಿನ ಮೇಲಕ್ಕೆ ಕರೆದುಕೊಂಡು ಹೋಗಿ ಪಶ್ಚಿಮದ ಪಕ್ಕವನ್ನು ತೋರಿಸಿದರು. ದನಗಳ ಜಾಡು ಸ್ವಲ್ಪ ದೂರ ಇಳಿದು ಎಡಕ್ಕೆ ತಿರುಗುತ್ತದೆ. ನೇರವಾಗಿ ಹೋದರೆ ಹುಲ್ಲು, ಹುಲ್ಲಿನಾಚೆ ಬರಿಯ ಬಂಡೆ, ಬಂಡೆಯಂಚಿನಿಂದ ಹಳ್ಳವು ಕೆಳಗೆ ಬೀಳುತ್ತದೆ. ನಾವು ಕೇಳಿದ ಸದ್ದು ಅದೇ. ಯಜಮಾನರು ಏನೂ ಹೇಳಲಿಲ್ಲ. ನಾನೂ ಹೆಚ್ಚುಹೊತ್ತು ನೋಡಲಿಲ್ಲ.

ಮನೆಗೆ ಬಂದಮೇಲೆ ತಂದೆಯವರ ಗಡಿಯಾರವನ್ನು ಪೂಜಾದಿನಗಳಿಗೆಂದು ಎತ್ತಿಟ್ಟಿದ್ದೇನೆ, ವಾರಕ್ಕೊಮ್ಮೆ ಕೀಲಿಕೊಡುತ್ತೇನೆ. ಹೊಸದು ನಿತ್ಯದ ಬಳಕೆಗೆ. ಅಂಗಿಯ ಎಡತೋಳನ್ನು ಎರಡು ಮಡಿಕೆ ಮೇಲಕ್ಕೆ ಸೇರಿಸಿಕೊಳ್ಳುವ ಅಭ್ಯಾಸವೂ ಆಗಿದೆ. ಸೋದರಳಿಯನು ತನಗೂ ಇಂಥದೊಂದು ಬೇಕೆಂದು ಪತ್ರ ಬರೆದಿದ್ದಾನೆ. ಏತಕ್ಕೆ ಬೇಕೆಂದು ಅವನ ತಾಯಿ ಕೇಳಿದರೆ ಏನು ಹೇಳುವುದೆಂದು ನಾವಿಬ್ಬರೂ ಇದುವರೆಗೆ ನಿಶ್ಚಯಿಸಿರಲಿಲ್ಲ. ಆಕೆಯೂ ಈ ಪತ್ರಿಕೆಯ ಚಂದಾದಾರಳೆಂಬುದು ಬರೆದು ಮುಗಿಸುವ ಹೊತ್ತಿಗೆ ನೆನಪಾಗುತ್ತಿದೆ.