ಹಾಲಿನ ಸೀಸೆಯೂ ಭದ್ರತೆಯ ಬಾಗಿಲೂ

ಕಳೆದ ತಿಂಗಳು ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ದೆಹಲಿಯಿಂದ ವಿಮಾನದಲ್ಲಿ ಹಿಂದಿರುಗಿದ ಕಥೆಯನ್ನು ಹೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಂದು ಕೂಸು ದಾರಿಯುದ್ದಕ್ಕೂ ಅತ್ತಿತಂತೆ. "ಇಷ್ಟು ಸಣ್ಣ ಮಗುವನ್ನು ಕಟ್ಟಿಕೊಂಡು ವಿಮಾನ ಹತ್ತುವ ಚಪಲವೇಕೆ ಈ ಹುಡುಗಿಯರಿಗೆ? ಎರಡು ವರ್ಷ ಮನೆಯಲ್ಲಿರಲು ಆಗದೇ?" ಎಂದು ಅವರು ಕೇಳಿದಾಗ ಪಂಕ್ತಿಯಲ್ಲಿದ್ದ ನಾಲ್ಕಾರು ಮಂದಿ ತಲೆದೂಗಿದರು. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು, ಶುಭಕಾರ್ಯದ ಮನೆ, ನಾನು ಸುಮ್ಮನಿದ್ದೆ. ಆ ಮೌನ ನನ್ನನ್ನು ಅಂದಿನಿಂದ ಚುಚ್ಚುತ್ತಿದೆ. ಅಂದು ಆಡದೆ ಉಳಿದ ಮಾತನ್ನು ಇಂದು ಬರೆಯುತ್ತಿದ್ದೇನೆ. ಆ ಹಿರಿಯರೂ ಇದನ್ನು ಓದುತ್ತಾರೆಂದು ಬಲ್ಲೆ, ಬೇಸರಿಸದಿರಲಿ.

ಮೊದಲು ಚಪಲದ ಮಾತು. ನಮ್ಮ ಕುಟುಂಬಗಳು ಹೇಗೆ ಚದುರಿವೆಯೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮಗ ಒಂದು ಖಂಡದಲ್ಲಿ, ಮಗಳು ಇನ್ನೊಂದರಲ್ಲಿ, ಮುದುಕರಾದ ನಾವು ಇಲ್ಲಿ. ಅಜ್ಜಿಯ ತೊಡೆಯ ಮೇಲೆ ಮೊಮ್ಮಗು ಕೂರಬೇಕಾದರೆ ಯಾರಾದರೊಬ್ಬರು ಸಮುದ್ರ ದಾಟಲೇಬೇಕು. ಇನ್ನೊಂದು ವಿಷಯವೂ ಇದೆ. ಎರಡು ವರ್ಷ ತುಂಬದ ಮಗು ತಾಯಿಯ ಮಡಿಲಲ್ಲಿ ಕುಳಿತು ಪ್ರಯಾಣ ಮಾಡಬಹುದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ಟಿಕೆಟ್ಟಿನ ಹತ್ತನೆಯ ಒಂದು ಭಾಗದಷ್ಟು ದರ. ಎರಡು ತುಂಬಿತೆಂದರೆ ಪ್ರತ್ಯೇಕ ಆಸನ, ಪ್ರತ್ಯೇಕ ಟಿಕೆಟ್ಟು. ಆದ್ದರಿಂದಲೇ ಮಧ್ಯಮ ವರ್ಗದ ದಂಪತಿಗಳು ಎರಡನೆಯ ಹುಟ್ಟುಹಬ್ಬಕ್ಕೆ ಮುಂಚೆ ಊರಿಗೆ ಬಂದುಹೋಗಲು ಹವಣಿಸುತ್ತಾರೆ. ಇದು ಚಪಲವಲ್ಲ, ಲೆಕ್ಕಾಚಾರ. ಮಕ್ಕಳಿರಲವ್ವ ಮನೆತುಂಬ ಎಂದು ಹರಸುವ ನಾವು ಆ ಮಕ್ಕಳು ವಿಮಾನದಲ್ಲಿ ಮಾತ್ರ ಇರಬಾರದೆನ್ನುವುದು ಯಾವ ನ್ಯಾಯ?

ಈಗ ನಾನೇ ಕಂಡದ್ದನ್ನು ಹೇಳುತ್ತೇನೆ. 2019ರಲ್ಲಿ ನನ್ನ ಮಗಳು ತವರಿನಿಂದ ಅಮೆರಿಕಕ್ಕೆ ಹಿಂದಿರುಗುವಾಗ ಜೊತೆಯಲ್ಲಿ ನಾನೂ ನನ್ನ ಪತ್ನಿಯೂ ಹೊರಟಿದ್ದೆವು. ಮೊಮ್ಮಗನಿಗೆ ಆಗ ಇಪ್ಪತ್ತು ತಿಂಗಳು. ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಅದರ ಹೆಸರು ಬೇಡ. ಅಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ. ಸ್ಥಳೀಯ ಸಮಯ ಬೆಳಗಿನ ನಾಲ್ಕು ಗಂಟೆ. ಮಗು ತಳ್ಳುಗಾಡಿಯಲ್ಲಿ ಗಾಢ ನಿದ್ರೆಯಲ್ಲಿತ್ತು.

ಗಾಡಿಯನ್ನು ಮಡಚಿ ಎಕ್ಸ್-ರೇ ಪಟ್ಟಿಯ ಮೇಲಿಡಬೇಕು ಎಂದರು. ಮಗುವನ್ನು ಎಬ್ಬಿಸಿದ್ದಾಯಿತು. ಅದರ ಮೇಲಂಗಿ, ಟೊಪ್ಪಿಗೆ, ಬೂಟು ಬಿಚ್ಚಿದ್ದಾಯಿತು. ಲೋಹಶೋಧಕ ಬಾಗಿಲಿನ ಮೂಲಕ ಅದು ಒಂಟಿಯಾಗಿ ನಡೆದುಬರಬೇಕೆಂದರು. ನಿದ್ದೆಗಣ್ಣಿನ ಕೂಸು ಎರಡು ಹೆಜ್ಜೆ ಇಟ್ಟು, ತಾಯಿ ಹಿಂದುಳಿದದ್ದನ್ನು ಕಂಡು ತಿರುಗಿ ಓಡಿತು. ಮೂರು ಸಲ ಹೀಗೆಯೇ ಆಯಿತು. ಹಿಂದೆ ಸಾಲು ಬೆಳೆಯಿತು, ಗೊಣಗಾಟ ಶುರುವಾಯಿತು.

ಮಗುವಿನ ಕೈಯಲ್ಲಿ ಚನ್ನಪಟ್ಟಣದ ಒಂದು ಮರದ ಕುದುರೆ ಇತ್ತು. ಹೊರಡುವ ಮುನ್ನ ನಾನೇ ತಂದುಕೊಟ್ಟದ್ದು. ಅದನ್ನೂ ಕಿತ್ತು ತಟ್ಟೆಯಲ್ಲಿ ಹಾಕಿದರು. ಕಪ್ಪು ಪರದೆಯ ಹಿಂದೆ ಕುದುರೆ ಮಾಯವಾದೊಡನೆ ಮಗು ಇಟ್ಟ ಚೀತ್ಕಾರ ಇಂದಿಗೂ ನನ್ನ ಕಿವಿಯಲ್ಲಿದೆ. ಆ ಯಂತ್ರ ತನ್ನ ಕುದುರೆಯನ್ನು ನುಂಗಿತೆಂದೇ ಅದು ತಿಳಿಯಿತು. ಪಟ್ಟಿಯ ಆಚೆ ತುದಿಯಲ್ಲಿದ್ದ ತರುಣಿಯೊಬ್ಬಳು, ಅವಳೂ ಅದೇ ಸಮವಸ್ತ್ರದವಳು, ಮಂಡಿಯೂರಿ ಕುಳಿತು ಹೊರಬಂದ ಕುದುರೆಯನ್ನು ತೋರಿಸಿ ಮಗುವನ್ನು ಕರೆದಳು. ಮಗು ಬಾಗಿಲು ದಾಟಿ ಅವಳತ್ತ ಓಡಿತು. ಅದಕ್ಕೆ ಹತ್ತು ಸೆಕೆಂಡು ಸಾಕಾಯಿತು.

ಅಷ್ಟರಲ್ಲಿ ಇನ್ನೊಬ್ಬ ಅಧಿಕಾರಿ ಚೀಲದಿಂದ ಹಾಲಿನ ಸೀಸೆಯನ್ನು ತೆಗೆದಿದ್ದ. ನೂರು ಮಿಲಿಲೀಟರಿಗಿಂತ ಹೆಚ್ಚಿದೆ, ಬಿಡಲಾಗದು ಎಂದ. ಮಗುವಿನ ಹಾಲು ಎಂದು ನನ್ನ ಮಗಳು ವಿನಯದಿಂದಲೇ ಹೇಳಿದಳು. ಬೇಕಾದರೆ ಅದರಲ್ಲಿ ಒಂದು ಗುಟುಕು ಕುಡಿದು ತೋರಿಸುತ್ತೇನೆ ಎಂದಳು. "ನಿಯಮ ನಿಯಮವೇ" ಎಂದು ಸೀಸೆಯನ್ನು ತೊಟ್ಟಿಯಲ್ಲಿ ಬೋರಲು ಹಾಕಿದ. ನನ್ನ ಪತ್ನಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಹಾಲು ಹೋದರೆ ಹೋಯಿತು, ಒಳಗೆ ಅಂಗಡಿಗಳಿಲ್ಲವೇ ಎನ್ನಬಹುದು. ಆ ಹೊತ್ತಿನಲ್ಲಿ ತೆರೆದಿದ್ದುದು ಸುಗಂಧದ್ರವ್ಯದ ಅಂಗಡಿ ಮತ್ತು ಮದ್ಯದ ಅಂಗಡಿ. ಹಾಲು ಬೇಕಾಗಿದ್ದುದು ಹಸಿವೆಗೆ ಮಾತ್ರವೂ ಅಲ್ಲ. ನನ್ನ ಕೈಯಲ್ಲಿ ವಿಜ್ಞಾನ ಕಲಿತವರಿಗೆ ವಾಯುಭಾರದ ಪಾಠ ನೆನಪಿರಬಹುದು. ವಿಮಾನ ಮೇಲೆ ಹಾರುವಾಗ ಅದರೊಳಗಿನ ಗಾಳಿಯ ಒತ್ತಡವನ್ನು ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಸಿರುತ್ತಾರೆ. ಕೆಳಗಿಳಿಯುವಾಗ ಒತ್ತಡ ಮತ್ತೆ ಏರುತ್ತದೆ. ಕಿವಿಯ ಒಳಗೂ ಹೊರಗೂ ಒತ್ತಡ ಸಮವಾಗಬೇಕಾದರೆ ಮಧ್ಯಕಿವಿಯನ್ನೂ ಗಂಟಲನ್ನೂ ಸೇರಿಸುವ ಯೂಸ್ಟೇಷಿಯನ್ ನಾಳ ತೆರೆಯಬೇಕು. ನುಂಗಿದಾಗ ಅದು ತೆರೆಯುತ್ತದೆ. ದೊಡ್ಡವರು ಆಕಳಿಸುತ್ತಾರೆ, ಉಗುಳು ನುಂಗುತ್ತಾರೆ. ಮಕ್ಕಳಲ್ಲಿ ಆ ನಾಳ ಕಿರಿದು, ಉಪಾಯವೂ ಗೊತ್ತಿಲ್ಲ. ಇಳಿಯುವ ಹೊತ್ತಿನಲ್ಲಿ ಅವುಗಳ ಬಾಯಿಗೆ ಹಾಲಿನ ಸೀಸೆ ಕೊಡಿರೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಈಗ ಸರಪಳಿಯನ್ನು ಜೋಡಿಸಿ ನೋಡಿ. ನಿದ್ದೆಯಿಂದ ಮಗುವನ್ನು ಎಬ್ಬಿಸಿದವರು, ಆಟಿಕೆಯನ್ನು ಕಿತ್ತವರು, ಹಾಲನ್ನು ಚೆಲ್ಲಿದವರು ಹಿಂದೆಯೇ ಉಳಿದರು. ವಿಮಾನದಲ್ಲಿ ಮಗು ಅತ್ತಾಗ ಮುನ್ನೂರು ಜನ ಕೆಕ್ಕರಿಸಿ ನೋಡಿದ್ದು ನನ್ನ ಮಗಳನ್ನು. ದೆಹಲಿಯ ವಿಮಾನದಲ್ಲಿ ನಮ್ಮ ಹಿರಿಯರ ನಿದ್ದೆ ಕೆಡಿಸಿದ ಕೂಸಿನ ಹಿಂದೆಯೂ ಇಂಥದೊಂದು ಸರಪಳಿ ಇರಲಿಲ್ಲವೆಂದು ಹೇಗೆ ಹೇಳುವುದು?

ಭದ್ರತೆ ಬೇಡವೆಂದು ನಾನು ವಾದಿಸುತ್ತಿಲ್ಲ. 1985ರ ಜೂನ್ 23ರಂದು ಕನಿಷ್ಕ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಅವರಲ್ಲಿ ಎಷ್ಟೋ ಮಕ್ಕಳಿದ್ದರು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ದಿನಗಳನ್ನು ಮರೆಯಲಾದೀತೇ? ಅದರ ಮರುವರ್ಷವೇ ನಮ್ಮ ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಹಿಸತೊಡಗಿದರು. ದ್ರವಪದಾರ್ಥಗಳ ನಿರ್ಬಂಧವೂ ಸುಮ್ಮನೆ ಹುಟ್ಟಿದ್ದಲ್ಲ. ದ್ರವರೂಪದ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚು 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಬಯಲಾದಾಗ ಹುಟ್ಟಿದ್ದು. ಮಗುವನ್ನೂ ತಪಾಸಣೆ ಮಾಡಲಿ, ಹಾಲನ್ನೂ ಪರೀಕ್ಷಿಸಲಿ. ಯಾರಿಗೂ ವಿನಾಯಿತಿ ಬೇಡ.

ಆದರೆ ಪರೀಕ್ಷಿಸುವುದು ಬೇರೆ, ಚೆಲ್ಲುವುದು ಬೇರೆ. ಎದೆಹಾಲು, ಮಗುವಿನ ಹಾಲಿನ ಪುಡಿಯ ದ್ರಾವಣ, ಮಗುವಿನ ಆಹಾರ ಇವುಗಳಿಗೆ ನೂರು ಮಿಲಿಲೀಟರಿನ ಮಿತಿ ಅನ್ವಯಿಸುವುದಿಲ್ಲವೆಂದು ಅಮೆರಿಕದ ನಿಯಮದಲ್ಲೇ ಇದೆ. ಪ್ರಯಾಣಕ್ಕೆ ಬೇಕಾಗುವಷ್ಟನ್ನು ಒಯ್ಯಬಹುದೆಂದು ಯುರೋಪಿನ ನಿಯಮದಲ್ಲಿದೆ. ನಮ್ಮ ದೇಶದ ನಿಯಮವೂ ಮಗುವಿನ ಆಹಾರಕ್ಕೆ ಎಡೆಯಿಟ್ಟಿದೆ. ಹಾಗಿದ್ದೂ ತಾಯಂದಿರ ದೂರುಗಳು ನಿಲ್ಲದೆ, ಈ ವಿನಾಯಿತಿಯನ್ನು ಭದ್ರತಾ ಸಿಬ್ಬಂದಿಗೆ ಕಲಿಸಬೇಕೆಂದು ಅಮೆರಿಕದಲ್ಲಿ 2016ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ತನ್ನ ನಿಯಮವನ್ನು ತನ್ನ ಜನಕ್ಕೇ ಕಲಿಸಲು ಇನ್ನೊಂದು ನಿಯಮ! ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಕೆಲಸದಲ್ಲಿದ್ದಾನೆ. ಅವನೊಡನೆ ದೂರವಾಣಿಯಲ್ಲಿ ಚರ್ಚಿಸಿದೆ. "ಸರ್, ಗಂಟೆಗೆ ನೂರಾರು ಜನ ಬರುತ್ತಾರೆ. ಒಬ್ಬರಿಗೆ ಕರುಣೆ ತೋರಿಸಿ ತಪ್ಪಾದರೆ ಹೊಣೆ ನನ್ನದು. ಕಠಿಣವಾಗಿದ್ದರೆ ನನ್ನನ್ನು ಯಾರೂ ಕೇಳುವುದಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಸತ್ಯವಿದೆ. ದೋಷ ಇರುವುದೂ ಅಲ್ಲಿಯೇ. ಹಾಲನ್ನು ಬಿಟ್ಟವನನ್ನು ಪ್ರಶ್ನಿಸುವ ವ್ಯವಸ್ಥೆ ಹಾಲನ್ನು ಚೆಲ್ಲಿದವನನ್ನೂ ಪ್ರಶ್ನಿಸಬೇಕು. ಅಲ್ಲಿಯವರೆಗೆ ಪ್ರತಿಯೊಬ್ಬ ತಾಯಿಯ ಪಾಡೂ ತನ್ನ ಪಾಲಿಗೆ ಯಾರು ಬಂದರೆಂಬ ಅದೃಷ್ಟದ ಮೇಲೆ ನಿಂತಿರುತ್ತದೆ. ಅಂದು ನಮಗೆ ಮಂಡಿಯೂರಿದ ತರುಣಿಯೂ ಸಿಕ್ಕಳು, ಸೀಸೆ ಬೋರಲು ಹಾಕಿದವನೂ ಸಿಕ್ಕಿದ. ಇಬ್ಬರಿಗೂ ಇದ್ದದ್ದು ಒಂದೇ ನಿಯಮಪುಸ್ತಕ.

ನಿಯಮಗಳು ಕಲ್ಲಿನಲ್ಲಿ ಕೊರೆದವೂ ಅಲ್ಲ. ಹನ್ನೆರಡು ವರ್ಷದವರೆಗಿನ ಮಕ್ಕಳು ಬೂಟು ಬಿಚ್ಚಬೇಕಾಗಿಲ್ಲವೆಂದು ಅಮೆರಿಕ 2011ರಲ್ಲಿ ಹೇಳಿತು. 2025ರ ಜುಲೈನಲ್ಲಿ ದೊಡ್ಡವರಿಗೂ ಆ ಕಡ್ಡಾಯವನ್ನು ಕೈಬಿಟ್ಟಿತು. ಹೊಸ ಸ್ಕ್ಯಾನರುಗಳು ಬಂದ ಮೇಲೆ ಬ್ರಿಟನ್ನಿನ ಎಡಿನ್‌ಬರೋ ನಿಲ್ದಾಣ 2025ರಲ್ಲಿ ಎರಡು ಲೀಟರಿನವರೆಗೆ ದ್ರವ ಒಯ್ಯಲು ಬಿಟ್ಟಿತು. ಮನಸ್ಸು ಮಾಡಿದರೆ ಮಾರ್ಗವಿದೆ. ಮಕ್ಕಳಿರುವವರಿಗೆ ಎಲ್ಲೆಡೆ ಪ್ರತ್ಯೇಕ ಸಾಲು, ಬೂಟು ತೊಡಿಸಲು ಒಂದು ಬೆಂಚು, ಹಾಲಿನ ನಿಯಮವನ್ನು ಆಯಾ ನಾಡಿನ ಭಾಷೆಯಲ್ಲಿ ಬರೆದ ಒಂದು ಫಲಕ: ಇವುಗಳಿಗೆ ಎಷ್ಟು ಖರ್ಚಾದೀತು? ನಮ್ಮ ನಿಲ್ದಾಣಗಳಲ್ಲಿ ಹೆಂಗಸರ ತಪಾಸಣೆ ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯಿಂದಲೇ ನಡೆಯುತ್ತದೆ, ಅದು ಮೆಚ್ಚತಕ್ಕದ್ದು. ಆದರೆ ಎರಡೂ ಕೈ ಚಾಚಿ ನಿಲ್ಲು ಎಂದಾಗ ಕಂಕುಳಲ್ಲಿರುವ ಕೂಸನ್ನು ಎಲ್ಲಿಡಬೇಕೆಂದು ಆ ಪರದೆ ಕಟ್ಟಿದವರು ಯೋಚಿಸಿದಂತಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಪ್ರಾರ್ಥನೆಯ ಗಂಟೆ ಬಾರಿಸಿದೊಡನೆ ಶಾಲೆಯ ಗೇಟು ಮುಚ್ಚಿಸುತ್ತಿದ್ದವನು ನಾನು. ನಿಮ್ಮಲ್ಲಿ ಅನೇಕರಿಗೆ ಅದು ಚೆನ್ನಾಗಿ ನೆನಪಿರುತ್ತದೆ. ಸುಗ್ಗಿಯ ಕಾಲದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ತಡವಾಗಿ ಬಂದಳು. ತಾಯಿ ಕೂಲಿಗೆ ಹೋಗಿದ್ದಳು. ಮಗುವನ್ನು ನೋಡಿಕೊಳ್ಳುವವರು ಬೇರೆ ಇರಲಿಲ್ಲ. ನಾನು ಗೇಟು ತೆಗೆಸಲಿಲ್ಲ. ಎರಡನೆಯ ಪಿರಿಯಡ್ಡು ಮುಗಿಯುವವರೆಗೆ ಅವಳು ಬಿಸಿಲಿನಲ್ಲಿ ನಿಂತಿದ್ದಳು. ಸಹೋದ್ಯೋಗಿಯೊಬ್ಬರು ಕೇಳಿದಾಗ ನಾನು ಹೇಳಿದ್ದು ಆ ಅಧಿಕಾರಿ ಹೇಳಿದ ಶಬ್ದಗಳನ್ನೇ ಅಲ್ಲದಿದ್ದರೂ ಅರ್ಥ ಅದೇ ಆಗಿತ್ತು. ಮಕ್ಕಳು ಕಲಿಯಲೆಂದು ಇದ್ದ ಗೇಟು ಅಂದು ಕಲಿಯಬಂದವಳನ್ನೇ ಹೊರಗಿಟ್ಟಿತು. ಸೀಸೆ ತೊಟ್ಟಿಗೆ ಬಿದ್ದಾಗ ನನಗೆ ಆ ಅಧಿಕಾರಿಯ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದು. ಆ ಹುಡುಗಿ ಇದನ್ನು ಓದುತ್ತಿದ್ದರೆ, ತಾಯೀ, ತಪ್ಪು ನನ್ನದಾಗಿತ್ತು.

ಎಳೆಯ ಮಕ್ಕಳೊಡನೆ ಹೊರಟಿರುವ ನಮ್ಮವರಿಗೆ ಕೊನೆಯಲ್ಲಿ ಎರಡು ಮಾತು. ಮಗುವಿನ ಹಾಲು, ನೀರು, ಔಷಧಗಳನ್ನು ಪ್ರತ್ಯೇಕ ಚೀಲದಲ್ಲಿಟ್ಟು, ಅವರು ಹುಡುಕುವ ಮೊದಲೇ ನೀವಾಗಿ ತೋರಿಸಿ ಹೇಳಿ. ಹೋಗುವ ದೇಶದ, ನಡುವೆ ಇಳಿಯುವ ದೇಶದ ನಿಯಮವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ. ನಿರಾಕರಿಸಿದರೆ ಜಗಳವಾಡದೆ ಮೇಲಧಿಕಾರಿಯನ್ನು ಕರೆಯಿರಿ ಎನ್ನಿ. ನಾವು ಅಂದು ಹಾಗೆ ಕೇಳಲಿಲ್ಲ, ಕೇಳಬೇಕಿತ್ತು. ಇನ್ನು ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರಿಗೆ: ಮುಂದಿನ ಸಲ ಹಿಂದಿನ ಸಾಲಿನಲ್ಲಿ ಕೂಸು ಅತ್ತರೆ ತಿರುಗಿ ಕೆಕ್ಕರಿಸಬೇಡಿ. ಏನಮ್ಮಾ, ಹಾಲು ಇದೆಯೇ ಎಂದು ಒಮ್ಮೆ ಕೇಳಿ ನೋಡಿ.