ಏಟು ಎದೆಗೆ ಬೀಳಬೇಕಾ?

ಹೋದ ಭಾನುವಾರ ಶ್ರೀರಾಮಪುರದ ಗೆಳೆಯನ ಮನೇಲಿ 2018ರ 'ಕೆ.ಜಿ.ಎಫ್.' ಹಾಕಿದ್ದೆವು. ಹೊಡೆದಾಟ ಬಂತು, ಅವನ ಮುಖ ಸಪ್ಪಗಾಯ್ತು.

"ಥಿಯೇಟರ್‌ನಲ್ಲಿ ಬಿದ್ದ ಏಟು ಇಲ್ಲಿ ಎದೆಗೆ ಬೀಳ್ತಿಲ್ಲ ಗುರೂ. ರಿಸೀವರ್‌ಗೆ ದಮ್ಮಿಲ್ಲ. ಚೀಟಿ ಎತ್ತಿದ್ದೀನಿ, ನಾಳೆ 200 ವ್ಯಾಟ್‌ನ ಪವರ್ ಆಂಪ್ಲಿಫೈಯರ್ ತರ್ತೀನಿ."

ಒಳಗಿಂದ ಅವನ ತಾಯಿ ಕೂಗಿದರು: "ಆ ದುಡ್ಡು ತಂಗಿ ಕಾಲೇಜಿಗೆ ಕಣೋ!"

ಲೆಕ್ಕ ಹಾಕೋಣ ಬಾ ಅಂದೆ. ರಿಸೀವರ್ 100 ವ್ಯಾಟ್‌ನದು. 200 ಆದರೆ ಸದ್ದೂ ಡಬಲ್ ಅಂದ್ಕೊಂಡಿರಾ? ಏರೋದು ಬರೀ 3 ಡೆಸಿಬಲ್, ಕಿವಿಗೆ ಒಂಚೂರು ಜಾಸ್ತಿ ಅಷ್ಟೆ. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು ಸ್ವಾಮಿ! ಅದೂ ಹತ್ತಡಿ ಹನ್ನೆರಡಡಿ ರೂಮಿಗೆ!

ಎದೆಗೆ ಗುದ್ದೋದು ಸಬ್‌ವೂಫರ್ ಕೆಲಸ. ಅವನದರ ಹೊಟ್ಟೆಯೊಳಗೇ ಬೇರೆ ಆಂಪ್ಲಿಫೈಯರ್ ಇದೆ. ಮೆನು ತೆಗೆದು ನೋಡಿದೆ. ಸ್ಪೀಕರೆಲ್ಲ 'ಲಾರ್ಜ್' ಅಂತ ಕೂತಿವೆ! 'ಸ್ಮಾಲ್' ಮಾಡಿ, 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನೆಲ್ಲ ಸಬ್‌ವೂಫರ್‌ಗೆ ತಳ್ಳಿದೆ. ಮತ್ತೆ ಅದೇ ಹೊಡೆದಾಟ. ಕಿಟಕಿ ಗಾಜು ಗಡಗಡ!

ಹಾಗಂತ ಪವರ್ ಆಂಪ್ಲಿಫೈಯರ್ ದಂಡ ಅಂತಲ್ಲ. 4 ಓಮ್ ಸ್ಪೀಕರ್, ದೊಡ್ಡ ಹಾಲು, ಜೋರು ಮಾಡಿದರೆ ರಿಸೀವರ್ ಕಾದು ತಾನೇ ಆಫ್ ಆಗೋದು, ಇಂಥದ್ದಿದ್ದರೆ ಧಾರಾಳವಾಗಿ ಯೋಚಿಸಿ. ಆದರೆ ಮೊದಲು ರಿಸೀವರ್ ಬೆನ್ನು ತಿರುಗಿಸಿ 'ಪ್ರೀ ಔಟ್' ಇದೆಯಾ ನೋಡಿ. ಆಂಪ್ಲಿಫೈಯರ್‌ನ ವೈರು ಚುಚ್ಚೋದು ಅಲ್ಲೇ.

ನಮ್ಮವನದರಲ್ಲಿ ಸಬ್‌ವೂಫರ್‌ಗೆ ಬಿಟ್ಟರೆ ಬೇರೆ ಪ್ರೀ ಔಟೇ ಇರಲಿಲ್ಲ. ಚೀಟಿ ದುಡ್ಡು ಸುರಿದು ತಂದಿದ್ದರೆ ಎಲ್ಲಿಗೆ ಚುಚ್ಚುತ್ತಿದ್ದನೋ ಮಹಾರಾಯ!