ರಾಗವೋ, ಅನುರಾಗವೋ?

ಮೊನ್ನೆ ಮಂಗಳೂರಿಗೆ ಹೋಗಿದ್ದಾಗ ಕ್ರೈಸ್ತ ಮಿತ್ರರೊಬ್ಬರು ತಮ್ಮ ಸಭೆಯ ಭಾನುವಾರದ ಆರಾಧನೆಗೆ ನನ್ನನ್ನು ಕರೆದೊಯ್ದರು. ಆರಾಧನೆ ಮುಗಿದು ಅಂಗಳಕ್ಕೆ ಬಂದೊಡನೆ ಅವರ ಮನೆಯ ವ್ಯಾಜ್ಯವೊಂದು ನನ್ನ ಮುಂದೆ ವಿಚಾರಣೆಗೆ ಬಂದಿತು. ವಾದಿ, ಮಿತ್ರರ ತಂದೆ. ಎಂಬತ್ತನ್ನು ಸಮೀಪಿಸಿದ ವೃದ್ಧರು. ಪ್ರತಿವಾದಿ, ಮಿತ್ರರ ಮಗ. ಆರಾಧನೆಯಲ್ಲಿ ಗಿಟಾರ್ ನುಡಿಸುವ ತರುಣ.

“ಇಂದು ನೀವು ಹಾಡಿದ್ದು ದೇವರಿಗೋ, ಡ್ರಮ್ಮಿಗೋ?” ಎಂದರು ಅಜ್ಜ.

“ನಿಮ್ಮ ಹಾಡು ಮುಗಿಯುವಷ್ಟರಲ್ಲಿ ಅರ್ಧ ಸಭೆ ತೂಕಡಿಸುತ್ತದೆ, ಅಜ್ಜ” ಎಂದ ಮೊಮ್ಮಗ.

“ನೀವು ಕನ್ನಡ ಎಂ.ಎ.; ಛಂದಸ್ಸು ಬಲ್ಲವರು. ತೀರ್ಪು ನೀವೇ ಕೊಡಿ” ಎಂದು ಮಿತ್ರರು ನಕ್ಕರು. ಆ ನಗೆಯ ಹಿಂದೆ ನೋವಿತ್ತು. ಒಂದು ವರ್ಷದಿಂದ ಅಜ್ಜ ಮುಂಜಾನೆಯ ಆರಾಧನೆಗೂ ಮೊಮ್ಮಗ ಎರಡನೆಯದಕ್ಕೂ ಬೇರೆಬೇರೆಯಾಗಿ ಹೋಗುತ್ತಿದ್ದರು. ಅಂದು ಒಂದೇ ಬಾಗಿಲಿನಿಂದ ಹೊರಬಂದದ್ದು ಅತಿಥಿಯ ಗೌರವಕ್ಕಾಗಿ ಮಾತ್ರ.

ಪಂಡಿತನೆಂದು ಕರೆದ ಮೇಲೆ ಸುಮ್ಮನಿರುವುದುಂಟೆ? ಆರಂಭಿಸಿಯೇಬಿಟ್ಟೆ. ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. ಅವರೊಡನೆ ಜರ್ಮನ್ ಸಭೆಗಳ ಧಾಟಿಗಳೂ ಬಂದವು. ಅವುಗಳ ಅಳತೆಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಆದರೆ ಜರ್ಮನ್ ಧಾಟಿ ನಡೆಯುವುದು ಒತ್ತಿನ ಮೇಲೆ, ಕನ್ನಡದ ಪದ ನಿಲ್ಲುವುದು ಹ್ರಸ್ವದೀರ್ಘಗಳ ಮೇಲೆ. ಧಾಟಿಗಾಗಿ ಎಳೆದರೆ ‘ಬಲ’ವೆಂಬುದು ‘ಬಾಲ’ವಾಗಿ ಕೇಳಿಸೀತು! ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅಚ್ಚುಮಾಡಿಸಿದ ಕಿಟ್ಟೆಲರಿಗೆ ಈ ಸೂಕ್ಷ್ಮ ತಿಳಿದಿತ್ತು. ಅದಕ್ಕೂ ಮೊದಲೇ, 1862ರಲ್ಲಿ, ಅವರು ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿಗೆ ತಂದು ‘ಕಥಾಮಾಲೆ’ಯನ್ನು ರಚಿಸಿದ್ದರು. ಹಾಗಾಗಿ ಅಜ್ಜನವರು ‘ನಮ್ಮದು’ ಎನ್ನುವ ಧಾಟಿಯೂ ಒಂದು ಕಾಲಕ್ಕೆ ಹಡಗಿನಿಂದ ಇಳಿದದ್ದೇ.

ತರುಣ ಗೆದ್ದವನಂತೆ ನಕ್ಕ. “ನಿನ್ನದು ವಿಮಾನದಿಂದ ಇಳಿಯಿತು, ಅಷ್ಟೇ ವ್ಯತ್ಯಾಸ” ಎಂದೆ.

ಅಜ್ಜ ಮೆಲ್ಲನೆ ಹೇಳಿದರು: “ಸ್ವಾಮಿ, ಹ್ರಸ್ವದೀರ್ಘ ನಾನರಿಯೆ. ನನ್ನ ಹೆಂಡತಿಯ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹಾಡಿದ ಹಾಡು ಅದು. ಅದಿಲ್ಲದ ಭಾನುವಾರ ನನಗೆ ಅವಳಿಲ್ಲದ ಭಾನುವಾರ.”

ನನ್ನ ಪಾಂಡಿತ್ಯ ಅಲ್ಲಿಗೆ ನಿಂತಿತು. ತರುಣನ ನಗೆಯೂ ನಿಂತಿತು. ನಾವು ಅಭಿರುಚಿಯೆಂದು ಕರೆಯುವುದು ಅನೇಕ ವೇಳೆ ಸ್ಮೃತಿಯೇ ಆಗಿರುತ್ತದೆ. ಅದನ್ನು ಹಳತೆಂದು ಹಳಿಯುವುದು ಸುಲಭ. ಅದನ್ನೇ ಭಕ್ತಿಯೆಂದು ಭ್ರಮಿಸುವುದೂ ಅಷ್ಟೇ ಸುಲಭ.

ಈ ಕಷ್ಟ ಹೊಸದಲ್ಲ. ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ, ಹಾಡಿನ ಅರ್ಥಕ್ಕಿಂತ ಕಂಠವೇ ತನ್ನನ್ನು ಹೆಚ್ಚು ಕಲಕಿದರೆ ಅದು ಪಾಪವೆಂದು ಒಪ್ಪಿಕೊಳ್ಳುತ್ತಾನೆ. ಆದರೂ ವಿಶ್ವಾಸಕ್ಕೆ ಬಂದ ಹೊಸತರಲ್ಲಿ ಸಭೆಯ ಹಾಡು ಕೇಳಿ ಸುರಿಸಿದ ಕಣ್ಣೀರನ್ನು ನೆನೆದು, ಹಾಡು ಇರಲಿ ಎಂಬ ಕಡೆಗೇ ವಾಲುತ್ತಾನೆ. ಸ್ವಿಟ್ಸರ್ಲೆಂಡಿನ ಜ್ವಿಂಗ್ಲಿ ಹಲವು ವಾದ್ಯಗಳನ್ನು ಬಲ್ಲವನಾಗಿದ್ದೂ 1520ರ ದಶಕದಲ್ಲಿ ಜ್ಯೂರಿಕ್ ನಗರದ ಆರಾಧನೆಯಿಂದ ಸಂಗೀತವನ್ನು ಹೊರಗಿರಿಸಿದ. 1598ರವರೆಗೆ ಅದು ಮರಳಲಿಲ್ಲ. ಅದೇ ಕಾಲದ ಲೂಥರ್ ತಾನೇ ಹಾಡುಗಳನ್ನು ಕಟ್ಟಿ ಸಭೆಯ ಬಾಯಿಗೆ ಕೊಟ್ಟ. ಇಬ್ಬರೂ ಸಂಗೀತಪ್ರಿಯರೇ. ಪ್ರಿಯವಾದುದನ್ನು ಒಬ್ಬ ಬಿಟ್ಟ, ಒಬ್ಬ ಹಂಚಿದ, ‘ನನಗೆ ಹಿಡಿಸಿತೇ?’ ಎಂಬುದೊಂದೇ ಅಳತೆಗೋಲೆಂದು ಇಬ್ಬರೂ ತಿಳಿಯಲಿಲ್ಲ.

ಇತರರ ಮಾತೇಕೆ? ನಮ್ಮೂರ ಭಜನೆಯಲ್ಲಿ ನನ್ನ ತಾಯಿ ಶ್ರುತಿ ತಪ್ಪಿ ಹಾಡುತ್ತಿದ್ದರೆ ನಾನು ಕಣ್ಣುಮುಚ್ಚಿ ಕುಳಿತು ತಪ್ಪುಗಳನ್ನು ಎಣಿಸುತ್ತಿದ್ದೆ. ನೋಡಿದವರು ನನ್ನನ್ನೇ ಭಕ್ತನೆಂದುಕೊಂಡಿರಬೇಕು! ತಾಳದ ಲೆಕ್ಕ ತನಗೆ ತಿಳಿಯದೆಂದ ಬಸವಣ್ಣನವರನ್ನು ತರಗತಿಯಲ್ಲಿ ಪಾಠಮಾಡುವವನೂ ನಾನೇ.

ಆದುದರಿಂದ ತೀರ್ಪು ಕೊಡಲಿಲ್ಲ. ಹಾಡಿನ ಮಾತ್ರೆಗಳನ್ನು ಎಣಿಸಬಲ್ಲೆ. ಹಾಡುವವರ ಎದೆಯನ್ನು ಅಳೆಯಲಾರೆ. ಇಷ್ಟು ಮಾತ್ರ ಹೇಳಿದೆ: ತನಗೆ ಪ್ರಿಯವಾದ ಹಾಡನ್ನು ಯಾರಾದರೂ ಹಾಡಿಯಾರು, ಪಕ್ಕದವನಿಗೆ ಪ್ರಿಯವೆಂಬ ಕಾರಣಕ್ಕೆ ತನಗೆ ಹಿಡಿಸದ ಹಾಡಿಗೂ ಬಾಯಿ ತೆರೆಯುವುದಕ್ಕೆ ಕಂಠಕ್ಕಿಂತ ಮಿಗಿಲಾದುದೇನೋ ಬೇಕು.

ಸಂಜೆ ಜಗಲಿಯಲ್ಲಿ ಮೊಮ್ಮಗ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, “ಅಜ್ಜ, ಅಜ್ಜಿಯ ಹಾಡಿನ ಧಾಟಿಯನ್ನು ಒಮ್ಮೆ ಹೇಳಿಕೊಡಿ” ಎಂದ. ಎರಡು ಸಾಲು ಮುಗಿದಿರಲಿಲ್ಲ, ಅಜ್ಜ ಗದರಿದರು: “ಓಡಬೇಡ, ಓಡಬೇಡ! ಅವಳು ಇಷ್ಟು ಅವಸರದಲ್ಲಿ ಹಾಡಿದವಳಲ್ಲ.”

ಜಗಳ ಮತ್ತೆ ಮೊದಲಾಯಿತು. ಆದರೆ ಈ ಸಲ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು.